ಹಿಡಿದರೂ ನಿಲ್ಲಬೇಕು, ಬಿಟ್ಟರೂ ನಿಲ್ಲಬೇಕು

ಆ ಭಾನುವಾರ ನಾನು ಲೋಕಾಪುರದ ಹತ್ತಿರ ಇರುವ ನಮ್ಮ ಕುರಿದಡ್ಡಿಗೆ ಹೋದಾಗ ಕಾಕಾ ಕೊಡಲಿ ಎತ್ತಿಕೊಂಡು ನಿಂತಿದ್ದ. ಅವನ ಎದುರಿಗೆ ದೊಡ್ಡಪ್ಪ ಮಂಡಿಯೂರಿ ಕುಳಿತು ಮಿಂಚಿಯ ಕೊರಳನ್ನು ಎರಡೂ ತೋಳಿನಿಂದ ಬಳಸಿ ಹಿಡಿದಿದ್ದ. ಮಿಂಚಿ ಎಂದರೆ ದೊಡ್ಡಪ್ಪನ ಬೇಟೆನಾಯಿ, ಮುಧೋಳ ತಳಿಯ ಹೆಣ್ಣು. ಅದರ ಮೂತಿ, ಎದೆ, ಮುಂಗಾಲು ಎಲ್ಲ ರಕ್ತವಾಗಿತ್ತು. ಆ ರಕ್ತ ಅದರದಾಗಿರಲಿಲ್ಲ. ಬೇಲಿಯ ಮಗ್ಗುಲಲ್ಲಿ ಒಂದು ಕುರಿ ಗಂಟಲು ಹರಿದು ಬಿದ್ದಿತ್ತು, ಅದರ ಹಿಂಗಾಲು ಇನ್ನೂ ಮಣ್ಣು ಒದೆಯುತ್ತಿತ್ತು.

"ಕೈ ತಗಿ ಅಣ್ಣಾ, ನಿನ್ನ ಕೈ ಮ್ಯಾಲ ಬೀಳತೈತಿ" ಎಂದ ಕಾಕಾ.

"ಬೀಳಲಿ."

"ಇದು ಎರಡನೇ ಕುರಿ. ಕುರಿ ರಕ್ತದ ರುಚಿ ಹತ್ತಿದ ನಾಯಿ ದಡ್ಡ್ಯಾಗ ಇರಬಾರದು. ಇದು ನಾ ಮಾಡಿದ ಕಾನೂನ ಅಲ್ಲ."

"ಮೊಲದ ಹಿಂದ ಓಡೂ ಜಾತಿ ಇದು. ಮೊಲಾ ಬಿಟ್ಟೇವಿ, ಖರೆ, ಬಿಡಬೇಕಾಗಿತ್ತು. ಆದರ ಓಡೂದನ್ನ ಇದು ಎಲ್ಲಿ ಬಿಡಬೇಕು?"

ಮೊಲದ ಬೇಟೆ ಅಪರಾಧವೆಂದು ಅರಣ್ಯದವರು ಎಚ್ಚರಿಸಿ ಹೋದ ಮೇಲೆ ದೊಡ್ಡಪ್ಪ ನಾಯಿಯನ್ನು ಗೂಟಕ್ಕೆ ಕಟ್ಟಿದ್ದ. ಹಗ್ಗ ಕಡಿದುಕೊಂಡಾಗಲೆಲ್ಲ ಅದು ಕುರಿಯ ಹಿಂದೆ ಬೀಳುತ್ತಿತ್ತು. ಓಡುವ ಕುರಿಯೂ ಓಡುವ ಮೊಲವೂ ಅದರ ಕಣ್ಣಿಗೆ ಒಂದೇ. ಅವತ್ತು ಕೊನೆಗೆ ಕಾಕಾ ಕೊಡಲಿ ಇಳಿಸಿ, ಬೀರಪ್ಪ ದೇವರ ಭಂಡಾರದ ಅರಿಷಿಣವನ್ನು ಮುಷ್ಟಿಯಲ್ಲಿ ಹಿಡಿದು, ಉಣ್ಣೆ ಕತ್ತರಿಸುವ ದಿನದ ತನಕ ಮಾತ್ರ ಬಿಡುವೆನೆಂದೂ, ಅಷ್ಟರೊಳಗೆ ನಾಯಿಯ ಚಟ ಹೋಗದಿದ್ದರೆ ಯಾರ ಕೈ ಅಡ್ಡ ಬಂದರೂ ಕಡಿಯುವೆನೆಂದೂ ಆಣೆ ಮಾಡಿದ. ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತು ಮತ್ತೆ ಬದಲಾಗುವುದಿಲ್ಲ. ನನಗೆ ಕಾಕಾನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ಕೊಡಲಿಯನ್ನು ಬಾವಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಸತ್ತ ಕುರಿಯೂ ಅವನದೇ ಆಗಿತ್ತು.

ದೊಡ್ಡಪ್ಪ ಕೈ ತೊಳೆದುಕೊಳ್ಳುತ್ತ ನನ್ನನ್ನು ಕೇಳಿದ, "ಯವ್ವಾ, ನೀ ಜಮಖಂಡ್ಯಾಗ ದಿನಾ ಮೋಟಾರ ತಿರಗಸ್ತೀಯಲ್ಲ. ಮೊಲಾ ಓಡಿಧಂಗ ಏನರೆ ಓಡಸಾಕ ಬರತೈತೇನ?"

ತಾಂತ್ರಿಕ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಮೋಟಾರು ನಡೆಸುವುದನ್ನು ಕಲಿಸುವವಳು ನಾನು. ಬರುತ್ತದೆ ಎಂದುಬಿಟ್ಟೆ. ಹಾಗೆ ಹೇಳುವಾಗ ನಾನು ಯೋಚಿಸಿದ್ದು ಮೋಟಾರಿನ ಬಗ್ಗೆ ಮಾತ್ರ, ಕೈಯ ಬಗ್ಗೆ ಅಲ್ಲ.

ಗುಜರಿಯಲ್ಲಿ ಸಿಕ್ಕ ವಿದ್ಯುತ್ ಸ್ಕೂಟರಿನ ಇಪ್ಪತ್ನಾಲ್ಕು ವೋಲ್ಟಿನ ಮೋಟಾರು, ಎರಡು ಬ್ಯಾಟರಿ, ಟೈರು ಕಳಚಿದ ಒಂದು ಬೈಕಿನ ಚಕ್ರ. ಇವನ್ನು ಕಬ್ಬಿಣದ ಚೌಕಟ್ಟಿಗೆ ಕೂಡಿಸಿ, ಚೈನು ಹಾಕಿ, ನೂರೈವತ್ತು ಮೀಟರು ನೈಲಾನ್ ದಾರವನ್ನು ಚಕ್ರ ಸುತ್ತಿಕೊಳ್ಳುವಂತೆ ಮಾಡಿದೆ. ದಾರದ ತುದಿಯ ಸುಳ್ಳು ಮೊಲ ಹನ್ನೆರಡು ಸೆಕೆಂಡಿನಲ್ಲಿ ಹೊಲದ ಆ ಕಡೆಯಿಂದ ಈ ಕಡೆಗೆ ಬರಬೇಕು. ವೇಗವನ್ನು ಮೆಲ್ಲಗೆ ಏರಿಸುವ ಕೆಲಸ ಅಂಗೈ ಅಗಲದ ಮೈಕ್ರೊಕಂಟ್ರೋಲರ್ ಬೋರ್ಡಿನದು. ಆಗಷ್ಟೇ ಅಂಥ ಬೋರ್ಡುಗಳು ನಮ್ಮ ಕಡೆಯ ಅಂಗಡಿಗಳಿಗೆ ಬರತೊಡಗಿದ್ದವು, ನಾನೂ ಅವುಗಳ ಹುಚ್ಚಿನಲ್ಲಿದ್ದೆ.

ಮೊದಲು ಮಾಡಿದ್ದು ವೈರಿಲ್ಲದ ರಿಮೋಟು. ಪ್ರಯೋಗಾಲಯದ ಹಿಂದಿನ ಬಯಲಿನಲ್ಲಿ ಗುಂಡಿ ಒತ್ತಿದೆ, ಚಕ್ರ ತಿರುಗಿತು. ಗುಂಡಿ ಬಿಟ್ಟೆ, ಚಕ್ರ ತಿರುಗುತ್ತಲೇ ಇತ್ತು. ಮೋಟಾರಿನೊಳಗೆ ಹಾರುವ ಕಿಡಿಗಳ ಗದ್ದಲದಲ್ಲಿ, ನಿಲ್ಲು ಎಂಬ ನನ್ನ ಸಂದೇಶ ಬೋರ್ಡಿಗೆ ಮುಟ್ಟಲೇ ಇಲ್ಲ. ಹತ್ತು ವರ್ಷ ಇದನ್ನೇ ಪಾಠ ಮಾಡಿದವಳು, ಪೆದ್ದಿಯಂತೆ ಎಡಗೈಯಿಂದ ದಾರ ಹಿಡಿಯಲು ಹೋದೆ. ಉಂಗುರ ಬೆರಳಿನ ಉಗುರು ಬುಡಸಮೇತ ಕಿತ್ತು ಚಕ್ರದ ಜೊತೆ ಎರಡು ಸುತ್ತು ಹಾಕಿತು. ಬ್ಯಾಟರಿಯ ತಂತಿಯನ್ನು ಬಲಗೈಯಿಂದ ಕಿತ್ತೆಸೆದ ಮೇಲೆಯೇ ನಾನು ಕೂಗಿದ್ದು.

ಹಾಗಾಗಿ ವೈರು. ಕೊಳವೆಬಾವಿಯ ಪಂಪಿಗೆ ಹಾಕುವ ಮೂರು ಎಳೆಯ ಚಪ್ಪಟೆ ಕೇಬಲ್ಲು ನಮ್ಮ ಕಡೆ ಹೊಲಹೊಲದಲ್ಲಿ ಬಿದ್ದಿರುತ್ತದೆ, ಮೂವತ್ತು ಮೀಟರು ತಂದೆ. ವೇಗ ಏರಿಸಿ ಇಳಿಸುವ ನಾಬನ್ನು ಅದರ ತುದಿಗೆ ಹಾಕಿದರೆ ಆ ಉದ್ದಕ್ಕೆ ಸಂಕೇತ ನಡುಗಿ ಚಕ್ರ ಬಿಕ್ಕಳಿಸತೊಡಗಿತು. ನಾಬು ತೆಗೆದುಹಾಕಿ ಒಂದೇ ಗುಂಡಿ ಇಟ್ಟೆ. ದೂರಕ್ಕೂ ಸಂಕೇತ ಗಟ್ಟಿಯಾಗಿ ಮುಟ್ಟಲೆಂದು ಐದು ವೋಲ್ಟಿನ ಬದಲು ಹನ್ನೆರಡು ವೋಲ್ಟು ಕಳಿಸಿದೆ. ಒತ್ತಿ ಹಿಡಿದಷ್ಟು ಹೊತ್ತು ಓಡಬೇಕು, ಬಿಟ್ಟರೆ ನಿಲ್ಲಬೇಕು. ಕೇಬಲ್ಲು ಕಡಿದುಹೋದರೂ ನಿಲ್ಲುತ್ತದೆ. ಪುಸ್ತಕದಲ್ಲಿ ಹೇಳಿದ ಹಾಗೇ ಇತ್ತು. ಪಿವಿಸಿ ಪೈಪಿನ ಗೇಣುದ್ದದ ತುಂಡಿನಲ್ಲಿ ಗುಂಡಿ ಕೂಡಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸುಳ್ಳು ಮೊಲಕ್ಕೆಂದು ಒಂದು ಕುರಿತೊಗಲಿನ ತುಂಡು ಒಯ್ದಿದ್ದೆ. ದೊಡ್ಡಪ್ಪ ಅದನ್ನು ನೋಡಿ ನನ್ನ ಮುಖ ನೋಡಿದ.

"ಕುರಿ ತೊಗಲಿನ ಹಿಂದ ಓಡಸ್ತೀಯೇನ ಇದನ್ನ? ಇಷ್ಟ ಓದಿ ಎಲ್ಲಿಟ್ಟಿ ಬೇ ಬುದ್ಧಿ?"

ತೊಗಲು ಹೋಯಿತು, ಬಿಳಿ ಪ್ಲಾಸ್ಟಿಕ್ ಚೀಲದ ಪಟ್ಟಿಗಳು ಬಂದವು. ಗಾಳಿಗೆ ಅವು ಪಟಪಟ ಬಡಿದುಕೊಂಡ ಕೂಡಲೇ ಮಿಂಚಿಯ ಮೈಯೆಲ್ಲ ಬಿಲ್ಲಿನಂತೆ ಬಾಗಿತು.

ಕಬ್ಬು ಕಡಿದು ಬರಿದಾದ ಹೊಲ. ಒಂದು ತುದಿಯಲ್ಲಿ ನಾನು ನಾಯಿ ಹಿಡಿದು ನಿಂತೆ. ನೂರೈವತ್ತು ಮೀಟರು ಆಚೆ ಯಂತ್ರ, ಯಂತ್ರದಿಂದ ಮೂವತ್ತು ಮೀಟರು ಪಕ್ಕಕ್ಕೆ ಬದುವಿನ ಮೇಲೆ ರಿಮೋಟು ಹಿಡಿದು ದೊಡ್ಡಪ್ಪ. ನಾಯಿಗೂ ಮೊಲಕ್ಕೂ ಎಷ್ಟು ಅಂತರ ಇರಬೇಕೆಂಬುದು ಅವನ ಕಣ್ಣಿಗೆ ಮಾತ್ರ ಗೊತ್ತು, ಅದಕ್ಕೇ ರಿಮೋಟು ಅವನ ಕೈಗೆ. ಕಾಕಾ ಯಂತ್ರದ ಬಳಿ ಕೊಡಲಿ ಹೆಗಲಿಗಿಟ್ಟು ನಿಂತಿದ್ದ, ಕರೆಯದೆಯೇ ಬಂದಿದ್ದ.

"ದೊಡ್ಡಪ್ಪಾ, ಏನರೆ ಆದ್ರ ಕೈ ಬಿಡು. ಕೈ ಬಿಟ್ರ ನಿಂದರತೈತಿ" ಎಂದು ಐದು ಸಲ ಹೇಳಿದ್ದೆ. ಐದು ಸಲವೂ ಅವನು ತಲೆಯಾಡಿಸಿದ್ದ.

ಮೊದಲ ಓಟ ನೋಡಿ ನನ್ನ ಕಣ್ಣು ತುಂಬಿತು. ನಾಯಿ ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ. ಎರಡನೆಯ ಓಟದ ನಡುವೆ ಮಿಂಚಿ ಮೊಲವನ್ನು ದಾಟಿ ಮುಂದೆ ಹೋಗಿ, ಗಕ್ಕನೆ ತಿರುಗಿತು. ದಾರ ಹಿಂಗಾಲಿಗೆ ಸುತ್ತಿಕೊಂಡಿತು. ಚಕ್ರದ ವೇಗ ಕುಸಿಯಿತು, ಆದರೆ ಚಕ್ರ ನಿಲ್ಲಲಿಲ್ಲ. ನಾಯಿ ಅಂಗಾತ ಬಿದ್ದು, ಕಬ್ಬಿನ ಕೂಳೆಗಳ ಮೇಲೆ ದರದರ ಎಳೆಸಿಕೊಂಡು ಹೋಗತೊಡಗಿತು. ಪ್ರತಿ ಕೂಳೆಗೂ ಒಮ್ಮೆ ಕಿರುಚುತ್ತಿತ್ತು.

"ಕೈ ಬಿಡು, ಕೈ ಬಿಡು" ಎಂದು ಒದರುತ್ತ ನಾನು ಓಡಿದೆ. ದೂರದಿಂದ ದೊಡ್ಡಪ್ಪ ಕಾಣುತ್ತಿದ್ದ. ಎರಡೂ ಕೈಯಿಂದ ಆ ಪೈಪನ್ನು ಹಿಸುಕಿ, ಹಿಮ್ಮಡಿ ಊರಿ, ಪೂರ್ತಿ ಹಿಂದಕ್ಕೆ ಬಾಗಿ ಕೇಬಲ್ಲನ್ನು ಜಗ್ಗುತ್ತಿದ್ದ. ಅವನು ಹಿಸುಕಿದಷ್ಟೂ ಮೋಟಾರು ಎಳೆಯಿತು.

ಚಕ್ರಕ್ಕೆ ನಾಲ್ಕು ಮಾರು ಉಳಿದಾಗ ಕಾಕಾ ಕೊಡಲಿ ಬೀಸಿದ. ಬಿಗಿದ ದಾರ ಕಡಿದು ಸಿಡಿದು ಅವನ ಕೆನ್ನೆಯನ್ನು ಕಿವಿಯಿಂದ ಬಾಯಿಯ ತನಕ ಸೀಳಿತು. ಅವನು ರಕ್ತ ಒರೆಸಿಕೊಳ್ಳಲೂ ಇಲ್ಲ. ಅದೇ ಕೊಡಲಿಯ ಹಿಂಭಾಗದಿಂದ ಮೋಟಾರಿನ ಮೇಲೆ ಒಂದು, ಎರಡು, ಮೂರು ಏಟು ಹಾಕಿದ. ಚೈನು ಕಳಚಿ ಹಾರಿತು.

"ನಾ ಕೊಂದ್ರ ಒಂದ ಏಟಿಗೆ ಕೊಲ್ತೀನಿ. ಹಿಂಗ ಎಳದಾಡಿ ಕೊಲ್ಲೂದಿಲ್ಲ" ಎಂದ ನನ್ನ ಕಡೆ ತಿರುಗಿ.

ನಾಯಿಯ ಹಿಂಗಾಲಿನ ಚರ್ಮ ಕಾಲುಚೀಲ ಕಳಚಿದ ಹಾಗೆ ಇಳಿದು ಬಿಳಿಯ ಎಲುಬು ಕಾಣುತ್ತಿತ್ತು. ಮುಧೋಳದ ತನಕ ಟ್ರ್ಯಾಕ್ಟರಿನಲ್ಲಿ ಅದರ ತಲೆ ದೊಡ್ಡಪ್ಪನ ತೊಡೆಯ ಮೇಲೆ. ನಾನು ಎದುರು ಕೂತು ಅವನನ್ನು ಬೈದೆ. ಹೇಳಬಾರದ್ದನ್ನೆಲ್ಲ ಹೇಳಿದೆ. ಒಂದು ಗುಂಡಿ ಬಿಡಲಿಕ್ಕೆ ಬಾರದ ಮನುಷ್ಯ, ನಿನ್ನ ನಾಯಿಯನ್ನು ನೀನೇ ಕೊಂದೆ ಎಂದೆ. ಪೈಪಿನ ತುಂಡನ್ನು ಅವನ ಕಾಲ ಬಳಿ ಎಸೆದೆ, ಅವನು ಅದನ್ನು ಎತ್ತಿ ಪಕ್ಕಕ್ಕಿಟ್ಟ.

ದನದ ಡಾಕ್ಟರು ಹೊಲಿಗೆ ಹಾಕುವಾಗ ನಾಯಿಯನ್ನು ಹಿಡಿಯಲು ಹೇಳಿದರು. ದೊಡ್ಡಪ್ಪ ಕೊರಳಪಟ್ಟಿಯ ಬಳೆಯೊಳಗೆ ಹಗ್ಗ ತೂರಿಸಿ, ಎರಡೂ ತುದಿಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದ. ಸೂಜಿ ಚುಚ್ಚಿದಾಗೆಲ್ಲ ನಾಯಿ ಎಗರುತ್ತಿತ್ತು, ಅವನ ಮುಷ್ಟಿ ಬಿಗಿಯುತ್ತಿತ್ತು, ನಾಯಿ ನಿಲ್ಲುತ್ತಿತ್ತು. ಹೊಲಿಗೆ ಮುಗಿದ ಮೇಲೆ ಅವನು ಬೆರಳು ಬಿಚ್ಚಿದ. ಹಗ್ಗದ ಒಂದು ತುದಿ ಬಳೆಯಿಂದ ಸರ್ರನೆ ಜಾರಿಹೋಯಿತು.

ನಾನು ಹತ್ತಿರ ಹೋಗಿ ಕೇಳಿದೆ, "ದೊಡ್ಡಪ್ಪಾ, ಮೊಲಾ ಕಂಡಾಗ ನಾಯಿ ಬಿಡೂದು ಹಿಂಗನ?"

"ಹೂಂ. ಮುಷ್ಟಿ ಬಿಚ್ಚಿದ್ರ ಹೋತು. ಬಿಗದ್ರ ನಿಂದರತೈತಿ."

"ಎಷ್ಟ ವರ್ಷದ್ದು ಇದು?"

"ನಮ್ಮಪ್ಪ ಹಗ್ಗ ಕೊಟ್ಟಾಗ ನನಗ ಮೀಸಿ ಬಂದಿರಲಿಲ್ಲ ಬೇ."

ಅಲ್ಲಿಯೇ ಗೋಡೆಗೆ ಒರಗಿ ಕುಳಿತುಬಿಟ್ಟೆ. ಬಿಗಿದರೆ ನಿಲ್ಲುತ್ತದೆ, ಬಿಚ್ಚಿದರೆ ಓಡುತ್ತದೆ. ಐವತ್ತು ವರ್ಷದಿಂದ ಆ ಕೈಗೆ ಗೊತ್ತಿರುವುದು ಅದೊಂದೇ. ನಾನು ಅದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿ, ಐದು ಸಲ ಬಾಯಿಮಾತಿನಲ್ಲಿ ಹೇಳಿ, ಅವನ ಕೈಯಲ್ಲಿ ಇಟ್ಟಿದ್ದೆ. ನಾಯಿಯ ಕಾಲು ಸುಲಿದವಳು ನಾನು, ಬೈಸಿಕೊಂಡವನು ಅವನು.

"ತಪ್ಪು ನಂದು ದೊಡ್ಡಪ್ಪಾ" ಎಂದೆ.

"ಕಾಲ ಉಳೀತಂತ, ಡಾಕ್ಟರ ಹೇಳ್ಯಾರ" ಎಂದ ಅವನು.

ಹಾಗಾದರೆ ಗುಂಡಿಯ ಕೆಲಸವನ್ನು ತಿರುವುಮುರುವು ಮಾಡಿದರೆ ಆಯಿತಲ್ಲ, ಒಂದು ತಂತಿ ಬದಲಿಸುವ ಕೆಲಸ. ಮುಷ್ಟಿ ಬಿಚ್ಚಿದರೆ ಓಡಲಿ, ಬಿಗಿದರೆ ನಿಲ್ಲಲಿ. ಅವತ್ತು ಸಂಜೆಗೇ ರಿಮೋಟಿನ ತಂತಿ ಬದಲಿಸಿ ಮೇಜಿನ ಮೇಲೆ ಇಟ್ಟೆ. ಆಮೇಲೆ ಯೋಚನೆ ಬಂತು. ದೊಡ್ಡಪ್ಪ ಎಡವಿ ಬಿದ್ದು ರಿಮೋಟು ಕೈಜಾರಿದರೆ? ನಾಯಿ ಕೇಬಲ್ಲು ಹರಿದರೆ? ಯಂತ್ರ ನಿಲ್ಲುವುದೇ ಇಲ್ಲ. ಅವನ ಕೈಗೆ ಒಗ್ಗುವುದು ಯಂತ್ರಕ್ಕೆ ಅಪಾಯ, ಯಂತ್ರಕ್ಕೆ ಒಳ್ಳೆಯದು ಅವನ ಕೈಗೆ ಅಪಾಯ. ಎರಡು ದಿನ ಪಾಠ ಮಾಡುವಾಗ ಸೀಮೆಸುಣ್ಣ ಮುರಿದೆ. ಮೂರನೆಯ ದಿನ ತೀರ್ಮಾನಿಸಿದೆ. ಬಿಟ್ಟರೂ ನಿಲ್ಲಬೇಕು, ಬಿಗಿದರೂ ನಿಲ್ಲಬೇಕು. ನಡುವೆ, ಬೆರಳು ಸಡಿಲವಾಗಿ ಹಿಡಿದಾಗ ಮಾತ್ರ ಓಡಬೇಕು.

ಅಂಥ ಸ್ವಿಚ್ಚು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ, ಮಾಡಿಕೊಳ್ಳಬೇಕಾಯಿತು. ಕಾಕಾ ಜಜ್ಜಿದ ಮೋಟಾರನ್ನು ಸರಿಮಾಡಿ ಹೊಸ ಚೈನು ಹಾಕಿ, ಸೈಕಲ್ಲಿನ ಬ್ರೇಕ್ ಹಿಡಿಕೆಯೊಂದನ್ನು ಹಳೆಯ ಪೈಪಿಗೆ ಕೂಡಿಸಿದೆ. ಅದರ ಹಿಂದೆ ಎರಡು ಚಿಕ್ಕ ಸ್ವಿಚ್ಚು. ಹಿಡಿಕೆಯನ್ನು ಸ್ವಲ್ಪ ಎಳೆದರೆ ಮೊದಲನೆಯದು ಕೂಡಿಕೊಂಡು ಮೋಟಾರು ಹೊರಡುತ್ತದೆ, ತುದಿಯ ತನಕ ಹಿಸುಕಿದರೆ ಎರಡನೆಯದು ಕಡಿದುಕೊಂಡು ನಿಲ್ಲುತ್ತದೆ. ಕೇಬಲ್ಲಿನ ಮೂರು ಎಳೆ ಇದಕ್ಕೆ ಸರಿಯಾಗಿ ಸಾಕಾದವು. ನಿಂತ ಕ್ಷಣವೇ ಮೋಟಾರಿನ ಎರಡು ತುದಿಗಳು ಒಂದಕ್ಕೊಂದು ಕೂಡಿ, ತಿರುಗುವ ಚಕ್ರವನ್ನು ಮೋಟಾರೇ ಹಿಡಿದು ನಿಲ್ಲಿಸುವಂತೆಯೂ ಮಾಡಿದೆ.

ಕಷ್ಟ ಇದ್ದದ್ದು ಸ್ಪ್ರಿಂಗಿನಲ್ಲಿ. ಮೆತ್ತನೆಯದು ಹಾಕಿದರೆ ದೊಡ್ಡಪ್ಪ ಹಿಡಿದ ಕೂಡಲೇ ತುದಿ ಮುಟ್ಟುತ್ತಿತ್ತು, ಯಂತ್ರ ಹೊರಡುತ್ತಲೇ ಇರಲಿಲ್ಲ. ಗಟ್ಟಿಯದು ಹಾಕಿದರೆ ಗಾಬರಿಯಲ್ಲಿ ಹಿಸುಕಿದರೂ ತುದಿ ಮುಟ್ಟುತ್ತಿರಲಿಲ್ಲ. ಬನಹಟ್ಟಿಗೆ ಹೋಗಿ ಮಗ್ಗ ರಿಪೇರಿ ಮಾಡುವ ಒಬ್ಬರ ಡಬ್ಬಿಯಿಂದ ಒಂದು ಮುಷ್ಟಿ ಸ್ಪ್ರಿಂಗು ಆರಿಸಿ ತಂದೆ. ಒಂಬತ್ತನೆಯದು ಅವನ ಕೈಗೆ ಒಪ್ಪಿತು.

ಗಾಬರಿಯನ್ನು ಪರೀಕ್ಷೆ ಮಾಡುವುದು ಹೇಗೆ? ದೊಡ್ಡಪ್ಪನ ಕಣ್ಣಿಗೆ ಅವನದೇ ರುಮಾಲು ಕಟ್ಟಿ ದಡ್ಡಿಯಲ್ಲಿ ಕೂರಿಸಿದೆ. ಹಿಂದಿನಿಂದ ಕಾಕಾ, ತನಗೆ ತೋಚಿದಾಗ, ಕೊಡಲಿಯಿಂದ ತಗಡಿನ ಮೇಲೆ ಬಾರಿಸಬೇಕು. ಕೆನ್ನೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ಆದರೂ ಈ ಕೆಲಸಕ್ಕೆ ಅವನು ಬಹಳ ಹುಮ್ಮಸ್ಸಿನಿಂದ ಒಪ್ಪಿದ. ಅಣ್ಣನನ್ನು ಬೆಚ್ಚಿಬೀಳಿಸುವ ಅವಕಾಶ ಅವನಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಧಡಾರ್ ಎಂದಾಗೆಲ್ಲ ದೊಡ್ಡಪ್ಪನ ಮುಷ್ಟಿ ಬಿಗಿಯುತ್ತಿತ್ತು, ಚಕ್ರ ನಿಲ್ಲುತ್ತಿತ್ತು.

ಏಳನೆಯ ಸಲ ಚಕ್ರ ನಿಂತು, ಮತ್ತೆ ಹೊರಟಿತು. ದೊಡ್ಡಪ್ಪ ಬಿಗಿದ ಮುಷ್ಟಿಯನ್ನು ಸಡಿಲಿಸುವಾಗ ಹಿಡಿಕೆ ನಡುವಿನ ಜಾಗ ದಾಟಿತ್ತು, ಬೋರ್ಡು ಅದನ್ನು ಓಡು ಎಂದು ತಿಳಿದಿತ್ತು. ಹಾಗೆ ನಿಲ್ಲುತ್ತಲೇ ಮತ್ತೆ ಎಳೆದಾಗ ಚೈನು ತುಂಡಾಗಿ, ಚಕ್ರದ ಬಳಿ ಬಗ್ಗಿದ್ದ ನನ್ನ ಮೊಳಕಾಲಿನ ಕೆಳಗೆ ಬಡಿಯಿತು. ನೆಲದ ಮೇಲೆ ಹೊರಳಾಡಿದೆ. ಕಾಕಾ ಕೊಡಲಿ ಕೆಳಗಿಟ್ಟು ನನ್ನ ಕಾಲಿಗೆ ಅರಿಷಿಣ ಒತ್ತಿದ.

"ಈ ಯಂತ್ರ ಎಲ್ಲಾರ ರಕ್ತಾನೂ ನೋಡೇತಿ. ನಮ್ಮ ಅಣ್ಣಂದೊಂದ ಬಾಕಿ" ಎಂದ.

ಚೈನು ಕೂಡಿಸಿ, ಬೋರ್ಡಿನ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದೆ. ಒಮ್ಮೆ ಬಿಗಿದು ನಿಂತರೆ, ಹಿಡಿಕೆ ಪೂರ್ತಿ ಬಿಟ್ಟು ಹೊಸದಾಗಿ ಹಿಡಿಯುವ ತನಕ ಹೊರಡಕೂಡದು. ಆಮೇಲೆ ಕಾಕಾ ಮೂವತ್ತು ಸಲ ತಗಡು ಬಡಿದ, ಮೂವತ್ತು ಸಲವೂ ಚಕ್ರ ನಿಂತಲ್ಲೇ ನಿಂತಿತು.

ಮಿಂಚಿಯ ಗಾಯ ಮಾಯಿತು, ಕಾಲು ಮಾತ್ರ ಸ್ವಲ್ಪ ಎಳೆಯುತ್ತಿತ್ತು. ವಾರಕ್ಕೆ ಮೂರು ಸಲ ಓಡಿಸಿದೆವು. ಓಡಿ ಬಂದ ದಿನ ಅದು ನೆರಳಿನಲ್ಲಿ ಕಾಲು ಚಾಚಿ ಮಲಗುತ್ತಿತ್ತು, ಕುರಿಗಳು ಹಾದುಹೋದರೂ ಕಣ್ಣು ತೆರೆಯುತ್ತಿರಲಿಲ್ಲ. ಸಮಸ್ಯೆ ಮುಗಿಯಿತೆಂದು ನಾನು ಅಂದುಕೊಂಡೆ. ಉಣ್ಣೆ ಕತ್ತರಿಸುವ ದಿನ ಬೆಳಿಗ್ಗೆ ಕಾಕಾ ಹೊಲಕ್ಕೆ ಬಂದ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಕಂಕುಳಿಗೆ ಒತ್ತಿ ಹಿಡಿದ ಒಂದು ಕುರಿಮರಿ.

"ಪ್ಲಾಸ್ಟಿಕ್ ಹಿಂದ ಯಾವ ನಾಯಿ ಬೇಕಾದ್ರೂ ಓಡತೈತಿ ಅಣ್ಣಾ. ಅದು ಓಡೂ ಮುಂದ ನಾ ಮರಿ ಬಿಡ್ತೀನಿ. ಮರಿಗೆ ಬಾಯಿ ಹಾಕ್ತಂದ್ರ ಅಲ್ಲೇ ಕಡೀತೀನಿ. ಭಂಡಾರ ಮುಟ್ಟೇನಿ ನಾ."

"ಮರಿ ಸಾಯತೈತಿ ಕಾಕಾ" ಎಂದೆ.

"ಸತ್ರ ನಂದ ಸಾಯತೈತಿ."

"ಆತು, ಬಿಡು" ಎಂದ ದೊಡ್ಡಪ್ಪ. ಹಿಡಿಕೆ ತೆಗೆದುಕೊಂಡು ಬದುವಿನ ಕಡೆ ನಡೆದ.

ನಾಯಿ ಹಿಡಿದು ನನ್ನ ತುದಿಗೆ ಹೋಗಿ ನಿಂತ ಮೇಲೆಯೇ ನನಗೆ ಹೊಳೆಯಿತು. ಮರಿ ಅಡ್ಡ ಬಂದಾಗ ದೊಡ್ಡಪ್ಪನ ಮುಷ್ಟಿ ಬಿಗಿಯುತ್ತದೆ. ಬಿಗಿದರೆ ಸುಳ್ಳು ಮೊಲ ನಿಂತಲ್ಲೇ ನಿಂತು ಬರೀ ಪ್ಲಾಸ್ಟಿಕ್ ಆಗಿಬಿಡುತ್ತದೆ. ಆಗ ಆ ಹೊಲದಲ್ಲಿ ಓಡುತ್ತಿರುವುದು ಮರಿಯೊಂದೇ, ಮಿಂಚಿ ಓಡುವುದರ ಹಿಂದೆಯೇ ಹೋಗುತ್ತದೆ. ಕೈ ಬಿಟ್ಟರೂ ಅದೇ ಗತಿ. ಮೂವತ್ತು ಸಲ ತಗಡು ಬಡಿದು ಬಡಿದು, ಬೆಚ್ಚಿದರೆ ನಿಲ್ಲುವಂತೆ ನಾನೇ ಮಾಡಿಟ್ಟಿದ್ದೆ. ಇದನ್ನು ಅವನಿಗೆ ಹೇಳಬೇಕಿತ್ತು. ಹೇಳಲು ಹೊಲ ದಾಟಬೇಕು, ಅಷ್ಟರಲ್ಲಿ ಚೀಲದ ಪಟ್ಟಿಗಳು ಪಟಪಟ ಅಲುಗಿ ಹೊರಟೇಬಿಟ್ಟವು. ನಾಯಿ ನನ್ನ ಕೈಯಿಂದ ಜಾರಿಹೋಯಿತು.

ಅರ್ಧ ದಾರಿಯಲ್ಲಿ ನಿಂತಿದ್ದ ಕಾಕಾ ಮರಿಯನ್ನು ಕೆಳಗೆ ಬಿಟ್ಟು ಅದರ ಬೆನ್ನಿಗೊಂದು ಏಟು ಕೊಟ್ಟ. ಮರಿ ಚೀರುತ್ತ ನೇರವಾಗಿ ದಾರಕ್ಕೆ ಅಡ್ಡ ಓಡಿತು. ಕೊಡಲಿ ಮೇಲೆದ್ದಿತು. ಮಿಂಚಿಯ ತಲೆ ಒಮ್ಮೆ ಮರಿಯ ಕಡೆ ಹೊರಳಿತು, ಬಾಯಿ ತೆರೆದುಕೊಂಡಿತು. ನಾನು ದೊಡ್ಡಪ್ಪನನ್ನು ನೋಡಿದೆ. ಅವನು ಹಿಂದಕ್ಕೆ ಬಾಗಲಿಲ್ಲ, ಹಿಮ್ಮಡಿ ಊರಲಿಲ್ಲ, ಕೈ ಮುಂದೆ ಚಾಚಿ ಕಲ್ಲಿನ ಹಾಗೆ ನಿಂತಿದ್ದ. ಚಕ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಬಿಳಿಯ ಪಟ್ಟಿಗಳು ಮರಿಯ ಮೂಗಿನ ಮುಂದೆಯೇ ಹಾರಿಹೋದವು. ಮಿಂಚಿ ಮರಿಯ ಮೇಲಿಂದ ನೆಗೆದು, ಒಂದು ಕೂದಲೂ ತಾಗಿಸದೆ, ಅವುಗಳ ಹಿಂದೆ ಹೋಯಿತು. ಚಕ್ರದ ಹತ್ತಿರ ಬಂದಾಗ ದೊಡ್ಡಪ್ಪ ಮುಷ್ಟಿ ಬಿಗಿದ. ಯಂತ್ರ ನಿಂತಿತು, ನಾಯಿ ಪ್ಲಾಸ್ಟಿಕ್ಕನ್ನು ಕಚ್ಚಿ ಕೊಡವಿ ನೂರು ಚೂರು ಮಾಡಿತು.

ಕುಂಟುತ್ತ ಓಡಿ ಹೋದೆ. ದೊಡ್ಡಪ್ಪನ ಗಡ್ಡದ ಮೇಲೆ ರಕ್ತ ಇಳಿಯುತ್ತಿತ್ತು. ಕೆಳತುಟಿಯನ್ನು ಹಲ್ಲು ದಾಟುವ ಹಾಗೆ ಕಚ್ಚಿಕೊಂಡಿದ್ದ. ಕೈ ಬಿಗಿಯಬಾರದೆಂದು ಬಾಯಿ ಬಿಗಿದಿದ್ದ.

ಕಾಕಾ ಮರಿಯನ್ನು ಎತ್ತಿಕೊಂಡು ಬಂದ. ಅದನ್ನು ಅತ್ತಿತ್ತ ತಿರುಗಿಸಿ ನೋಡಿ ಕೆಳಗೆ ಬಿಟ್ಟ. ಅಣ್ಣನ ತುಟಿಯನ್ನೂ ನೋಡಿದ.

"ಅದನ್ನ ಇಲ್ಲಿ ಕೊಡು. ನಾನೂ ಒಮ್ಮಿ ಓಡಸ್ತೀನಿ" ಎಂದ.

ಹಿಡಿಕೆ ಹಿಡಿಯಲು ಅವನ ಕೈ ಖಾಲಿ ಇರಲಿಲ್ಲ. ಸ್ವಲ್ಪ ಯೋಚಿಸಿ ಕೊಡಲಿಯನ್ನು ನನ್ನ ಕೈಗೆ ಕೊಟ್ಟ. ಹೊಸ ಪಟ್ಟಿ ಕಟ್ಟಿ, ದಾರ ಎಳೆದು ಹಾಸಿ ಬಂದೆವು. ಕಾಕಾ ಬದುವಿನ ಮೇಲೆ ಕಾಲು ಅಗಲಿಸಿ ನಿಂತು ಹಿಡಿಕೆಯನ್ನು ಬಲವಾಗಿ ಹಿಸುಕಿದ. ಚಕ್ರ ಅಲುಗಲಿಲ್ಲ. ಇನ್ನೂ ಬಲವಾಗಿ ಹಿಸುಕಿದ.

"ನಡೀವಲ್ದಲ್ಲ ಇದು. ಕೆಟ್ಟೇತೇನ?"

ದೊಡ್ಡಪ್ಪ ತುಟಿಗೆ ರುಮಾಲು ಒತ್ತಿಕೊಂಡು ಅವನ ಪಕ್ಕಕ್ಕೆ ಹೋದ. ತಮ್ಮನ ಬೆರಳುಗಳ ಮೇಲೆ ತನ್ನ ಬೆರಳಿಟ್ಟ.

"ಕೆಟ್ಟಿಲ್ಲೋ ತಮ್ಮಾ" ಎಂದ. "ಕೈ ಸಡಲ ಮಾಡು."